ಸುರಂಗದ ಬಾಯಲ್ಲಿ ಕೂಗುತ್ತಿದ್ದ ಅಕ್ಕ

ಮೊನ್ನೆ ಸಕಲೇಶಪುರದ ಮರದ ಮಿಲ್ಲಿನ ಮುಂದೆ ಬರುತ್ತಿದ್ದೆ. ಯಾರೋ ಗೇಟಿನ ಕಂಬಕ್ಕೆಂದು ರೈಲು ಹಳಿಯಡಿ ಹಾಕುತ್ತಿದ್ದ ಹಳೇ ಮರದ ಸ್ಲೀಪರೊಂದನ್ನು ಕುಯ್ಯಿಸುತ್ತಿದ್ದರು. ಅದರೊಳಗಿಂದ ಡಾಂಬರಿನಂಥ ಕಮಟು ವಾಸನೆ ಎದ್ದಿತು. ಬೆಳಗಿನ ಬಿಸಿಲು ಬಿದ್ದ ಕೂಡಲೇ ಹಳಿಯ ಮೇಲೆ ಏಳುತ್ತಿದ್ದ ಅದೇ ವಾಸನೆ. ಅಕ್ಕ ನನ್ನ ಪಕ್ಕದಲ್ಲೇ ನಡೆಯುತ್ತಿದ್ದಾರೆ ಅನ್ನಿಸಿ ನಿಂತುಬಿಟ್ಟೆ...

ತೊಂಬತ್ತರ ದಶಕದ ಕೊನೆಯಲ್ಲಿ ನಾನು ದೋಣಿಗಲ್ಲಿಗೆ ಸೊಸೆಯಾಗಿ ಬಂದೆ. ಅಕ್ಕ ಪಕ್ಕದ ಮನೆಯವರು. ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಕಾಫಿ ಎಸ್ಟೇಟಿನ ಕೂಲಿ ಲೈನಿನ ಹೆಂಗಸರಿಗೆ ರವಿಕೆ ಹೊಲಿದುಕೊಟ್ಟು ಬದುಕುತ್ತಿದ್ದರು. ಊರಿಗೆಲ್ಲ ಅವರು ಅಕ್ಕನೇ.

ಮರುವರ್ಷ ನನ್ನ ಮೊದಲ ಮಗು ಹುಟ್ಟುವಾಗಲೇ ತೀರಿಕೊಂಡಿತು. ಆಮೇಲೆ ನಾನು ಹಾಸಿಗೆ ಬಿಟ್ಟು ಏಳಲಿಲ್ಲ. ಅತ್ತೆ ಗದರಿದರು, ಗಂಡ ಅಂಗಲಾಚಿದರು. ಒಂದು ಬೆಳಿಗ್ಗೆ ಅಕ್ಕ ಸೀದಾ ಕೋಣೆಗೆ ಬಂದು ಕಂಬಳಿ ಎಳೆದರು.

"ಏಳು ಕಣೆ. ಅಳೋದಾದ್ರೆ ನಡ್ಕೊಂಡು ಅಳು. ಮಲ್ಗಿ ಅತ್ರೆ ಎದೇಲೇ ಕಟ್ಕೊಂಬುಡ್ತದೆ."

ಅಗಲದ ಬ್ರಾಡ್‌ಗೇಜ್ ಹಳಿ ಹಾಕಲೆಂದು ಆಗ ಘಟ್ಟದ ರೈಲು ನಿಲ್ಲಿಸಿದ್ದರು. ಹಳಿಯ ನಡುವೆ ಹುಲ್ಲು ಬೆಳೆದಿತ್ತು. ನಾವಿಬ್ಬರೂ ದಿನವೂ ಅದರ ಮೇಲೆ ಎಡಕುಮೇರಿ ದಿಕ್ಕಿಗೆ ನಡೆಯುತ್ತಿದ್ದೆವು. ಮೊದಮೊದಲು ನಾನು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಅಕ್ಕ ಕೈ ಹಿಡಿಯುತ್ತಿರಲಿಲ್ಲ, ಆದರೆ ನನ್ನನ್ನು ಬಿಟ್ಟು ಮುಂದೆಯೂ ಹೋಗುತ್ತಿರಲಿಲ್ಲ.

ಅವರ ಬದುಕೇ ಒಂದು ಶಿಸ್ತು. ಬೆಳಕು ಹರಿಯುವ ಮೊದಲು ಎದ್ದು ಬಿಸಿನೀರು ಕುಡಿಯುವುದು, ಕತ್ತಲಾಗುವ ಮೊದಲು ಉಣ್ಣುವುದು. ತಟ್ಟೆಯ ಮುಂದೆ ಯಾರಾದರೂ ದನಿ ಎತ್ತಿದರೆ ಅವರ ಮುಖ ಬಿಳುಚಿಕೊಳ್ಳುತ್ತಿತ್ತು. ಆ ವಯಸ್ಸಿನಲ್ಲಿ ರೇಡಿಯೊ ಕೇಳಿ ಕೇಳಿ ಹಿಂದಿ ಕಲಿಯುತ್ತಿದ್ದರು. ಪೇಟೆಯ ಡಾಕ್ಟರು ಬೇರೆ ರೋಗಿಗಳ ಮುಂದೆ ಅವರನ್ನು ತೋರಿಸಿ, "ಇವರನ್ನ ನೋಡಿ ಕಲೀರಿ" ಅನ್ನುತ್ತಿದ್ದರಂತೆ.

ಮೊದಲ ಸುರಂಗದ ಬಾಯಿಗೆ ಬಂದರೆ ಅಕ್ಕ ನಿಲ್ಲುತ್ತಿದ್ದರು. ಎದೆ ತುಂಬ ಉಸಿರೆಳೆದುಕೊಂಡು ಒಂದು ಹೆಸರು ಹಿಡಿದು ಕೂಗುತ್ತಿದ್ದರು. ಆ ಕತ್ತಲೆ ಅದೇ ಹೆಸರನ್ನು ಮುರಿದು ಮುರಿದು ಹಿಂದಕ್ಕೆ ಕೊಡುತ್ತಿತ್ತು. ಅದು ಪೂರ್ತಿ ಅಡಗುವ ತನಕ ಅವರು ಅಲುಗುತ್ತಿರಲಿಲ್ಲ.

"ನೀನೂ ಕೂಗು. ಹಗುರಾಗ್ತದೆ."

ಕೂಗಲು ನನ್ನ ಮಗುವಿಗೆ ಹೆಸರೇ ಇರಲಿಲ್ಲ. "ಮಗಾ..." ಎಂದೆ. ಒಳಗಿನಿಂದ ಯಾರೋ "ಮಗಾ" ಅಂದಂತಾಯಿತು. ಕಲ್ಲುಗಳ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಅವತ್ತು ಮನೆಗೆ ಬಂದವಳೇ ಕೇಳಿ ಹಾಕಿಸಿಕೊಂಡು ಉಂಡೆ.

ಅಕ್ಕ ಕೂಗುವ ಹೆಸರು ಯಾರದೆಂದು ನಾನು ಕೇಳಿರಲಿಲ್ಲ; ಉಸಿರಿಗೆ ಒಳ್ಳೆಯದೆಂದು ಮಾಡುವ ಅಭ್ಯಾಸ ಅಂತಲೇ ತಿಳಿದಿದ್ದೆ. ನಿಜ ಹೇಳಿದವರು ಅತ್ತೆ. ಅಕ್ಕನಿಗೊಬ್ಬ ತಮ್ಮನಿದ್ದ. ತಾಯಿ ಸತ್ತ ಮೇಲೆ ಇವರೇ ಸಾಕಿದ್ದು. ಅವನ ಹದಿಹರೆಯದಲ್ಲಿ ಒಂದು ಮಧ್ಯಾಹ್ನ, ಸಾರು ಸಪ್ಪೆ ಅನ್ನುವಷ್ಟಕ್ಕೆ ಮಾತಿಗೆ ಮಾತು ಬೆಳೆಯಿತು. ಅವನು ತಟ್ಟೆ ಬಿಟ್ಟೆದ್ದು ಹಳಿಗುಂಟ ನಡೆದು ಹೋದ. ಸುರಂಗದೊಳಕ್ಕೆ ಹೋದದ್ದನ್ನು ನೋಡಿದವರಿದ್ದರು. ಆಚೆ ಬಂದದ್ದನ್ನು ನೋಡಿದವರಿಲ್ಲ. ಹುಡುಕಿದವರಿಗೆ ಒಂದು ಚಪ್ಪಲಿಯೂ ಸಿಗಲಿಲ್ಲ. ಬಹಳ ಕಾಲದ ಮೇಲೆ ಯಾರೋ ಅವನನ್ನು ಬೊಂಬಾಯಿಯಲ್ಲಿ ಕಂಡಂತಾಯಿತು ಅಂದರಂತೆ...

ನಾನು ಅಕ್ಕನನ್ನೇ ಕೇಳಿದೆ. ಅವರು ಹೊಲಿಗೆ ನಿಲ್ಲಿಸಲಿಲ್ಲ.

"ಬಂದೇ ಬತ್ತಾನೆ ಕಣೆ. ಬಂದಾಗ ನಾನು ಹಾಸ್ಗೆ ಹಿಡ್ದಿದ್ರೆ ಅವ್ನಿಗೆ ಬಡ್ಸೋರು ಯಾರು? ಗಟ್ಟಿಯಾಗಿರ್ಬೇಕು. ಬೊಂಬಾಯಲ್ಲೇ ಇದ್ದು ಕನ್ನಡ ಮರ್ತಿದ್ರೆ ಮಾತಾಡ್ಸೋದಕ್ಕೂ ಬರ್ಬೇಕಲ್ಲ."

ಮರುದಿನದಿಂದ ಸುರಂಗದ ಮುಂದೆ ನಿಂತಾಗ, ಒಳಗೆ ಯಾರೋ ಉಸಿರು ಬಿಗಿಹಿಡಿದು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಆದರೂ ನಡೆಯುವುದು ಬಿಡಲಿಲ್ಲ. ನಡೆಯುತ್ತ ನಡೆಯುತ್ತಲೇ ನಾನು ಮನುಷ್ಯಳಾದೆ. ಮಗಳು ಹುಟ್ಟಿದಳು.

ಕೆಲವು ವರ್ಷಗಳಲ್ಲಿ ಹೊಸ ಹಳಿ ಬಂದು ಮತ್ತೆ ರೈಲು ಓಡತೊಡಗಿತು. ಹಳಿಯ ಮೇಲೆ ಕಾಲಿಡುವಂತಿರಲಿಲ್ಲ. ಅಕ್ಕ ರಸ್ತೆ ಬದಿಯಲ್ಲಿ ನಡೆದರು, ಜೊತೆಗೆ ನಾನೂ. ಅದೇ ಕಾಲಕ್ಕೆ ಅವರಿಗೆ ಮರೆವು ಶುರುವಾಯಿತು. ಮೊದಲು ಹಿಂದಿ ಹೋಯಿತು. ಆಮೇಲೆ ದಿನಗಳು, ಅಕ್ಕಪಕ್ಕದವರು. ದೇಹ ಮಾತ್ರ ಹಾಗೇ ಇತ್ತು. ಬೆಳಕು ಹರಿಯುವ ಮೊದಲು ಏಳುತ್ತಿದ್ದರು, ಬಿಸಿನೀರು ಕುಡಿಯುತ್ತಿದ್ದರು, ನಡೆಯುತ್ತಿದ್ದರು.

ಒಂದು ಬೆಳಿಗ್ಗೆ ಸುರಂಗದ ಕಡೆಗೆ ಹೋಗುವ ತಿರುವಿನಲ್ಲಿ ನಿಂತು ಬಾಯಿ ತೆರೆದರು. ದನಿ ಬರಲಿಲ್ಲ. ನನ್ನತ್ತ ತಿರುಗಿ ಕೇಳಿದರು:

"ನಾನು ಇಲ್ಲಿ ಯಾರ್ನೋ ಕರೀತಿದ್ನಲ್ಲ... ಯಾರ್ನ?"

ನಾನು ಹೆಸರು ಹೇಳಿದೆ. ಅವರು ಅದನ್ನು ಬಾಯಲ್ಲೇ ಒಂದು ಸಲ ಹೇಳಿಕೊಂಡು ನೋಡಿದರು.

"ಚೆನ್ನಾಗೈತೆ ಹೆಸ್ರು," ಅಂದರು. "ಯಾರ ಮನೆ ಹುಡ್ಗ?"

ಅವರ ಕೈ ಹಿಡಿದು ಮನೆಗೆ ಕರೆತಂದೆ. ಅವತ್ತಿನ ದಾರಿಯುದ್ದಕ್ಕೂ ಅವರು ಎಷ್ಟು ಸಮಾಧಾನವಾಗಿದ್ದರೆಂದರೆ, ನನಗೇ ಹೆದರಿಕೆಯಾಯಿತು.

ಆಮೇಲೂ ಎರಡು ಮೂರು ವರ್ಷ ಇದ್ದರು. ಜ್ವರ ಬಂದು ಹೋದಾಗಲೂ ಡಾಕ್ಟರು, "ಈ ವಯಸ್ಸಿಗೆ ಎಂಥ ಗಟ್ಟಿ ಮೈ" ಎಂದು ಆಶ್ಚರ್ಯಪಟ್ಟರು. ಆ ಮೈಯನ್ನು ಯಾರಿಗಾಗಿ ಗಟ್ಟಿ ಮಾಡಿಟ್ಟಿದ್ದರೆಂದು ಹೇಳಲು ನನಗೆ ಮನಸ್ಸಾಗಲಿಲ್ಲ.

ಈಗ ನನಗೆ ಅಂದಿನ ಅಕ್ಕನ ವಯಸ್ಸು. ಅವರ ಮನೆ ಇದ್ದ ಜಾಗದಲ್ಲಿ ಬೇರೆಯವರ ಕಾಫಿ ಗಿಡಗಳಿವೆ. ಅತ್ತೆಯೂ ಇಲ್ಲ. ಆ ತಮ್ಮ ಎಂದಾದರೂ ಬಂದು ಅಕ್ಕ ಎಲ್ಲಿ ಎಂದು ಕೇಳಿದರೆ, ಉತ್ತರ ಹೇಳಲು ಉಳಿದವಳು ನಾನೊಬ್ಬಳೇ. ಅವನ ಮುಖವನ್ನು ನಾನು ಒಮ್ಮೆಯೂ ಕಂಡವಳಲ್ಲ. ಆದರೂ ದೋಣಿಗಲ್ಲಿನಲ್ಲಿ ಬಸ್ಸಿನಿಂದ ಗುರುತಿಲ್ಲದ ಮುದುಕರು ಯಾರಾದರೂ ಇಳಿದರೆ, ಅವರು ಯಾರದೋ ಮನೆಯ ದಾರಿ ಹಿಡಿದು ಮರೆಯಾಗುವ ತನಕ ನೋಡುತ್ತ ನಿಲ್ಲುತ್ತೇನೆ.