ಪರೀಕ್ಷೆಗೆ ಓದಿದ ಬಿಸಿಲು

ರೇಷ್ಮೆಯ ಬಣ್ಣ ಬಿಸಿಲಿಗೆ ಮಾಸುತ್ತದೆಂದು ನಮ್ಮಣ್ಣ ಮಗ್ಗದ ಕೋಣೆಗಿದ್ದ ಒಂದೇ ಕಿಟಕಿಗೆ ಗೋಣಿಚೀಲ ಹೊಡೆದಿದ್ದ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಗಳು ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದವು, ಹಿತ್ತಿಲೆಂಬುದು ಯಾರಿಗೂ ಇರಲಿಲ್ಲ. ಬೆಳಕು ಬರುವುದಿದ್ದರೆ ಬೀದಿಬಾಗಿಲಿನಿಂದಲೇ ಬರಬೇಕು, ಅದೂ ನಡುಮನೆಯವರೆಗೆ ಬಂದು ಸುಸ್ತಾದಂತೆ ನಿಂತುಬಿಡುತ್ತಿತ್ತು. ಸೀರೆಯ ಮೇಲಿದ್ದ ಕಾಳಜಿ ಆ ಮನೆಯಲ್ಲಿ ಮನುಷ್ಯರ ಮೇಲಿರಲಿಲ್ಲವೆಂದು ಈಗ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ನಾನು ನಿಮಗೆ ಹೇಳಹೊರಟಿರುವುದು ಮನೆಯ ತಪ್ಪನ್ನಲ್ಲ, ನನ್ನದನ್ನು.

ಅರವತ್ತರ ದಶಕದ ಕೊನೆಯ ಮಾತು. ಅಣ್ಣನ ಹೆಂಡತಿ ಲಕ್ಷ್ಮಮ್ಮ ಆವತಿಯ ಕಡೆಯವರು, ನನಗಿಂತ ನಾಲ್ಕೇ ವರ್ಷ ದೊಡ್ಡವರು, ರಾಗಿಹೊಲದಲ್ಲಿ ಕಳೆ ಕೀಳುತ್ತ ಬೆಳೆದವರು. ಅವರು ಬಂದ ವಾರದೊಳಗೇ ಅಮ್ಮ ಕಟ್ಟುನಿಟ್ಟು ಮಾಡಿದ್ದಳು: ನಮ್ಮ ಮನೆಯ ಸೊಸೆ ಬೀದಿಯಲ್ಲಿ ನಿಲ್ಲುವಂತಿಲ್ಲ. ನೀರು ತರುವುದೂ ಅಂಗಡಿಗೆ ಹೋಗುವುದೂ ನನ್ನ ಪಾಲು. ಅತ್ತಿಗೆಗೆ ಒಲೆ, ಮಕ್ಕಳು, ಉಳಿದ ಹೊತ್ತೆಲ್ಲ ಅಣ್ಣನ ಮಗ್ಗದ ಪಕ್ಕದಲ್ಲಿ ಕೂತು ರಾಟೆಯಲ್ಲಿ ನೂಲು ಸುತ್ತುವ ಕೆಲಸ. ಒಂದರ ಬೆನ್ನಿಗೊಂದು ಎರಡು ಮಕ್ಕಳಾದವು. ಎರಡನೆಯದು ಇನ್ನೂ ಮೊಲೆಹಾಲು ಕುಡಿಯುತ್ತಿದ್ದಾಗ ಅತ್ತಿಗೆಗೆ ಸೊಂಟ, ತೊಡೆಗಳಲ್ಲಿ ಎಲ್ಲೆಂದು ಬೆರಳಿಟ್ಟು ತೋರಿಸಲಾಗದ ನೋವು ಶುರುವಾಯಿತು. ನೆಲದಿಂದ ಏಳಬೇಕಾದರೆ ಮಂಡಿಗೆ ಕೈಯೂರಬೇಕು. ನಡೆದರೆ ಮೈ ಅತ್ತಿತ್ತ ವಾಲುವುದು. "ಹೊಲದಲ್ಲಿ ಗೇದೋಳಿಗೆ ನೆರಳಲ್ಲಿ ಕೂತು ರಾಟೆ ತಿರುಗ್ಸೋದು ಕಷ್ಟವಂತೆ" ಎಂದು ಅಮ್ಮ ಮೂದಲಿಸುತ್ತಿದ್ದಳು. ನಾನು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ.

ನಾನಾಗ ಮೇಷ್ಟ್ರಮ್ಮನಾಗುವ ಆಸೆಯಲ್ಲಿ ತರಬೇತಿಗೆ ಸೇರಿದ್ದೆ. ಒಂದು ಸಂಜೆ ಆರೋಗ್ಯಶಾಸ್ತ್ರದ ಪಾಠವನ್ನು ಗೋಡೆಗೊರಗಿ ಗಟ್ಟಿಯಾಗಿ ಬಾಯಿಪಾಠ ಮಾಡುತ್ತಿದ್ದೆ: ಡಿ ಜೀವಸತ್ವ ಕಡಿಮೆಯಾದರೆ ಮೂಳೆಗಳು ಮೆತ್ತಗಾಗುತ್ತವೆ, ಸ್ನಾಯುಗಳು ಸೋಲುತ್ತವೆ, ಸೂರ್ಯನ ಬಿಸಿಲು ಚರ್ಮಕ್ಕೆ ತಾಗಿದಾಗ ಅದು ದೇಹದಲ್ಲಿಯೇ ಉತ್ಪತ್ತಿಯಾಗುತ್ತದೆ. ಮೂರು ಮೊಳ ದೂರದಲ್ಲಿದ್ದ ರಾಟೆ ನಿಂತಿತು.

"ಸರೋಜಾ, ಬಿಸ್ಲು ಬಿದ್ರೆ ಮೂಳೆಗೆ ಬಲ ಬರ್ತದಾ?"

"ಅದು ಪರೀಕ್ಷೆಗೆ ಅತ್ಗೆ. ನಿಮಗೆ ಅರ್ಥವಾಗಲ್ಲ, ಬಿಡಿ."

ರಾಟೆ ಮತ್ತೆ ತಿರುಗಿತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ಪೂರ್ತಿ ಅಂಕವೂ ಬಂತು, ನಾನು ಮನೆಗೆ ಸಿಹಿ ತಂದೆ.

ಆ ಬೇಸಿಗೆಯಲ್ಲೇ ಒಂದು ಬೆಳಿಗ್ಗೆ ಅಡಿಗೆಮನೆಯ ಹೊಸಿಲು ದಾಟುವಾಗ ಅತ್ತಿಗೆ ಕುಸಿದು ಕೂತರು. ಬಿದ್ದ ಸದ್ದೂ ಆಗಲಿಲ್ಲ, ಆದರೆ ಏಳಲಾಗಲಿಲ್ಲ. ಅಣ್ಣ ಮೊದಲ ಸಲ ಅರ್ಧ ನೇಯ್ದ ಸೀರೆಯನ್ನು ಬಿಟ್ಟೆದ್ದ. ಅವನೂ ನಾನೂ ಅವರನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಎಕ್ಸ್-ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಸೊಂಟದ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕನ್ನು ತೋರಿಸಿದ ವಯಸ್ಸಾದ ಡಾಕ್ಟರು ಕೇಳಿದರು:

"ಊಟಕ್ಕೆ ಏನು ಮಾಡ್ತೀರಪ್ಪಾ?"

"ರಾಗಿಮುದ್ದೆ ಸ್ವಾಮಿ, ದಿನಾ" ಎಂದ ಅಣ್ಣ.

"ರಾಗೀಲಿ ಮೂಳೆಗೆ ಬೇಕಾದ ಸುಣ್ಣದಂಶ ಧಾರಾಳವಾಗಿದೆ. ಆದ್ರೆ ಅದು ಮೈಗೆ ಹತ್ತಬೇಕಾದ್ರೆ ಡಿ ಜೀವಸತ್ವ ಬೇಕು. ಈಯಮ್ಮ ಬಿಸಿಲು ಕಂಡು ಎಷ್ಟು ದಿನ ಆಯ್ತು?"

ದಿನಗಳಲ್ಲಿ ಹೇಳುವ ಲೆಕ್ಕವಾಗಿರಲಿಲ್ಲ ಅದು. ಡಾಕ್ಟರು ಔಷಧಿ ಬರೆದುಕೊಟ್ಟು, ದಿನವೂ ಹತ್ತು ಗಂಟೆಯ ಮೇಲೆ ಕೈಕಾಲಿಗೆ ಬಿಸಿಲು ಬೀಳುವಂತೆ ಸ್ವಲ್ಪ ಹೊತ್ತು ಕೂರಿಸಿ ಎಂದರು, ಮಗ್ಗದ ಮನೆಗಳಿಂದ ಇಂಥವರು ಬರುತ್ತಲೇ ಇರುತ್ತಾರೆಂದರು. ಹೆಚ್ಚುಕಡಿಮೆ ನನ್ನ ಉತ್ತರಪತ್ರಿಕೆಯನ್ನೇ ಅವರು ಓದುತ್ತಿದ್ದರು. ಮಂಚದ ಮೇಲಿಂದ ಅತ್ತಿಗೆ ಒಮ್ಮೆ ನನ್ನತ್ತ ನೋಡಿ ಬೇರೆ ಕಡೆ ಕಣ್ಣು ಹೊರಳಿಸಿದರು. 'ಇವಳಿಗೆ ಗೊತ್ತಿತ್ತು' ಎಂದು ಅಣ್ಣನಿಗೆ ಹೇಳಬಹುದಿತ್ತು, ಹೇಳಲಿಲ್ಲ. ಅಂದು ರೈಲಿನಲ್ಲಿ ಯಲಹಂಕ ದಾಟುವವರೆಗೂ ನಾನು ತಲೆಯೆತ್ತಲಿಲ್ಲ.

ಗುಣವಾಗಲು ತಿಂಗಳುಗಳೇ ಬೇಕಾದವು. ಅಮ್ಮ ಒಳಗೊಳಗೇ ಗೊಣಗುತ್ತಿದ್ದರೂ ಜಗಲಿಯ ಮೇಲೆ ತಾನೇ ಚಾಪೆ ಹಾಸಿದಳು, ಬೀದಿಯವರು ಏನಾದರೂ ಕೇಳಿದರೆ ಡಾಕ್ಟರ ಅಪ್ಪಣೆಯೆಂದು ಗದರಿದಳು. ಬರಬರುತ್ತ ಅತ್ತಿಗೆಯ ನಡಿಗೆ ನೆಟ್ಟಗಾಯಿತು, ಮುಖಕ್ಕೆ ಹೊಲದ ಬಣ್ಣ ಮರಳಿತು. ಓದು ಎಂಬುದೂ ತಿಂದ ಅನ್ನದ ಹಾಗೆಯೇ. ಒಳಗೆ ಇಳಿದ ಮಾತ್ರಕ್ಕೆ ಮೈಗೆ ಹತ್ತಿತೆನ್ನುವಂತಿಲ್ಲ. ಮುಂದೆ ನಾನು ಘಾಟಿಯ ಕಡೆಯ ಶಾಲೆಯೊಂದರಲ್ಲಿ ಅದೇ ಪಾಠವನ್ನು ವರ್ಷವರ್ಷವೂ ಹೇಳಿದೆ. ಆ ಪುಟ ಬಂದಾಗಲೆಲ್ಲ ಮಕ್ಕಳಿಗೆ ಬೆನ್ನು ಮಾಡಿ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ.

ಎಪ್ಪತ್ತರ ದಶಕದ ನಡುವೆ, ರಜೆಗೆಂದು ಬಂದಾಗ, ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ಅತ್ತಿಗೆಯ ಮುಂದೆ ಕೊನೆಗೂ ಬಾಯಿಬಿಟ್ಟೆ.

"ಅತ್ಗೆ, ಆವತ್ತು ನೀವು ಕೇಳ್ದಾಗ ನಾನು ಸರಿಯಾಗಿ ಹೇಳ್ಬೇಕಿತ್ತು."

"ಹೇಳಿದ್ಯಲ್ಲ" ಎಂದರು ಅವರು, ಕೈ ನಿಲ್ಲಿಸದೆ. "ನೀನು ಓದಿದ್ದು ಕೇಳ್ಕೊಂಡೇ ಅಲ್ವಾ, ಮಾರನೇ ದಿನ ಅತ್ತೆಮ್ಮ ದೇವಸ್ಥಾನಕ್ಕೆ ಹೋದಾಗ ನಾನು ಬೀದಿಗೆ ಬಂದು ನಿಂತ್ಕೊಂಡಿದ್ದು. ನೀನು ನೀರು ಹೊತ್ಕೊಂಡು ಬಂದೆ. 'ಹಿಂಗೆ ವಾಲಾಡ್ಕೊಂಡು ನಿಂತ್ರೆ ನೋಡ್ದೋರು ಏನಂತಾರೆ ಅತ್ಗೆ, ಒಳಕ್ಕೆ ಹೋಗಿ' ಅಂದೆ. ನಾನು ಹೋದೆ."

ನನಗೆ ಅದು ನೆನಪೇ ಇರಲಿಲ್ಲ. ಪರೀಕ್ಷೆಗೆ ಬರೆದ ಉತ್ತರದ ಅಕ್ಷರ ಅಕ್ಷರವೂ ನೆನಪಿತ್ತು, ಅಂದು ತಂದ ಸಿಹಿ ಯಾವುದೆಂಬುದೂ ನೆನಪಿತ್ತು. ಇದೊಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ಹಾಗೆಂದೇ ಹೇಳಿದೆ. ಹೋಗಲಿ ಬಿಡು ಎನ್ನುತ್ತಾರೇನೋ ಎಂದು ಕಾದೆ.

ಅವರು ಅನ್ನಲಿಲ್ಲ.