ಹತ್ತು ವಾಕ್ಯದ ಟೀಚರ್

ನಮ್ಮ ಶಾಲೆಯಲ್ಲಿ ಮೂರನೇ ತರಗತಿಗೂ ನನ್ನ ನಾಲ್ಕನೇ ತರಗತಿಗೂ ನಡುವೆ ಗೋಡೆ ಇಲ್ಲ. ಒಂದು ಪ್ಲೈವುಡ್ ಅಡ್ಡ ನಿಲ್ಲಿಸಿದ್ದಾರೆ, ಅದೂ ಚಾವಣಿಯವರೆಗೆ ಹೋಗುವುದಿಲ್ಲ. ಹಾಗಾಗಿ ಹದಿನೇಳು ವರ್ಷದಿಂದ ನನ್ನ ಗೆಳತಿಯ ಪಾಠವನ್ನು ನಾನು ಬೇಡವೆಂದರೂ ಕೇಳಿದ್ದೇನೆ. ಅವಳ ‘ನಾನು’ ಪ್ರಬಂಧವಂತೂ ನನಗೆ ಬಾಯಿಪಾಠ.

‘ನನ್ನ ಹೆಸರು’ ಎಂದು ಶುರುವಾಗಿ ಹತ್ತನೇ ವಾಕ್ಯಕ್ಕೆ ಮುಗಿಯುತ್ತಿತ್ತು. ಹೆಸರು, ವಯಸ್ಸು, ಅಪ್ಪನ ಕೆಲಸ, ಇಷ್ಟಕ್ಕೆ ಮಾತ್ರ ಖಾಲಿ ಜಾಗ. ಉಳಿದದ್ದೆಲ್ಲ ಎಲ್ಲರಿಗೂ ಒಂದೇ. ಎಂಟನೇ ವಾಕ್ಯ ‘ನನಗೆ ಹಾಲು ಇಷ್ಟ.’ ಅವಳ ಪುಸ್ತಕಗಳನ್ನು ನಂಬಿದರೆ ನಮ್ಮ ಊರಿನಲ್ಲಿ ಹಾಲು ಬೇಡವೆಂದ ಮಗು ಇನ್ನೂ ಹುಟ್ಟಿಲ್ಲ. ತಮಾಷೆ ಏನೆಂದರೆ ಅವಳಿಗೇ ಹಾಲಿನ ವಾಸನೆ ಆಗದು, ಚಹಾ ಕೂಡ ಹಾಲಿಲ್ಲದ್ದೇ ಬೇಕು. ಸ್ಟಾಫ್ ರೂಮಿನಲ್ಲಿ ನಾವು ಅವಳನ್ನು ‘ಹತ್ತು ವಾಕ್ಯದ ಟೀಚರ್’ ಎಂದು ರೇಗಿಸುತ್ತಿದ್ದೆವು. ಅವಳೂ ನಗುತ್ತಿದ್ದಳು.

ಅವಳು ಇರುವುದು ಅಣ್ಣನ ಮನೆಯಲ್ಲಿ. ಅಮ್ಮ ತೀರಿಕೊಂಡಾಗ ‘ಸದ್ಯಕ್ಕೆ’ ಎಂದು ಹೋದವಳು, ಆ ಸದ್ಯ ಇಪ್ಪತ್ತು ವರ್ಷ ಎಳೆಯಿತು. ಹಾಲ್‌ನಲ್ಲಿ ಟಿವಿಯ ಎದುರು ಮಡಚುವ ಮಂಚ, ಮಂಚದ ಕೆಳಗೆ ಸೂಟ್‌ಕೇಸು, ಅದರಲ್ಲಿ ಅವಳ ಬಟ್ಟೆ. ಅಣ್ಣ ಅತ್ತಿಗೆ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿ ಹೊರಬೀಳುವುದು ಸುಲಭವಿತ್ತು. ಆ ಮನೆ ನಡೆಯುವುದೇ ‘ಅವಳಿದ್ದಾಳಲ್ಲ’ ಎಂಬ ಒಂದು ಮಾತಿನ ಮೇಲೆ. ಗ್ಯಾಸ್ ಸಿಲಿಂಡರ್ ಬಂದರೆ ಅವಳಿದ್ದಾಳಲ್ಲ. ಅಣ್ಣನ ಮಗಳಿಗೆ ಜ್ವರ ಬಂದರೆ ಅವಳಿದ್ದಾಳಲ್ಲ. ಅಣ್ಣನದು ಕನ್ನಡಕದ ಅಂಗಡಿ, ಅತ್ತಿಗೆ ಬ್ಯಾಂಕಿನಲ್ಲಿ. ಇಬ್ಬರೂ ಬೆಳಗ್ಗೆ ಹೋದರೆ ಸಂಜೆಗೆ ಸುಸ್ತಾಗಿ ಬರುವವರು. ಅವರ ಒಬ್ಬಳೇ ಮಗಳು ಇವಳದೇ ತರಗತಿಯಲ್ಲಿ. ಮನೆಯಲ್ಲಿ ‘ಅತ್ತೆ’, ಶಾಲೆಯ ಗೇಟು ದಾಟಿದೊಡನೆ ‘ಟೀಚರ್’.

ನಾನು ಸುಮ್ಮನಿರುವ ಜಾತಿಯಲ್ಲ. ಕಂಡವರ ಮನೆಯ ವಿಷಯಕ್ಕೆ ಮೂಗು ತೂರಿಸುವುದರಲ್ಲಿ ಎತ್ತಿದ ಕೈ. ನನ್ನ ಬೀದಿಯಲ್ಲಿ ಬಟ್ಟೆ ಹೊಲಿಯುವಾಕೆಯ ಮಹಡಿಯ ಕೋಣೆ ಖಾಲಿಯಾದಾಗ ನಾನೇ ಹೋಗಿ ಮಾತಾಡಿದೆ. ಹೊರಗಿನಿಂದಲೇ ಮೆಟ್ಟಿಲು, ಒಂದು ಕಿಟಕಿ, ಒಳಗಿನಿಂದ ಹಾಕಿಕೊಳ್ಳಲು ಚಿಲಕ. ಸೋಮವಾರ ಕೀ ತಂದು ಅವಳ ಕೈಗಿಟ್ಟೆ. ಶನಿವಾರದೊಳಗೆ ಹೂಂ ಅನ್ನಬೇಕು, ಇಲ್ಲದಿದ್ದರೆ ಹೊಲಿಗೆಯಾಕೆ ಬೇರೆಯವರಿಗೆ ಕೊಡುತ್ತಾಳೆ.

“ಅಣ್ಣನಿಗೆ ಹೇಗೆ ಹೇಳ್ಲಿ?” ಅಂದಳು.

“ಬಾಯಿಂದ ಹೇಳು.”

“ಬಾಯಿ ಬರಲ್ಲ ಕಣೇ. ಊಟಕ್ಕೆ ಕೂತಾಗ ಶುರು ಮಾಡ್ತೀನಿ, ಅಷ್ಟರಲ್ಲಿ ಉಪ್ಪು ತಗೊಂಡು ಬಾ ಅಂತಾನೆ.”

ಕೀಯನ್ನು ಸೀಮೆಸುಣ್ಣದ ಡಬ್ಬಿಯಲ್ಲಿ ಇಟ್ಟಳು. ಮನೆಯಲ್ಲಿ ಅದನ್ನು ಬಚ್ಚಿಡಲು ಅವಳಿಗೆ ಒಂದು ಡ್ರಾಯರ್ ಕೂಡ ಇರಲಿಲ್ಲ.

ಆ ವರ್ಷವೇ ನಮಗೆಲ್ಲ ತರಬೇತಿ ಆಗಿತ್ತು. ಮಕ್ಕಳು ಖಾಲಿ ಜಾಗ ತುಂಬಬಾರದು, ತಮ್ಮ ಬಗ್ಗೆ ತಾವೇ ವಿವರಿಸಿ ಬರೆಯಬೇಕು. ಮೊದಲು ಒಂದು ಮಾತು, ಅದಕ್ಕೆ ಮೂರು ಕಾರಣ, ಒಂದು ಉದಾಹರಣೆ, ಕೊನೆಗೆ ಮುಕ್ತಾಯ. ನಮ್ಮಲ್ಲಿ ಹೆಚ್ಚಿನವರು ಇದನ್ನು ಕೇಳಿ ಆಕಳಿಸಿದರು. ಅವಳಿಗೆ ಮಾತ್ರ ಹುಚ್ಚು ಹಿಡಿಯಿತು. ಎರಡು ವಾರ ಪ್ಲೈವುಡ್ ಆಚೆಯಿಂದ ‘ಯಾಕೆ?’ ಬಿಟ್ಟರೆ ಬೇರೆ ಮಾತಿಲ್ಲ.

“ನಂಗೆ ಮೆಟ್ಟಿಲ ಮೇಲೆ ಕೂರೋದು ಇಷ್ಟ ಟೀಚರ್.”

“ಯಾಕೆ?”

“ತಣ್ಣಗಿರುತ್ತೆ.”

“ಇನ್ನೂ ಯಾಕೆ?”

“ಅಲ್ಲಿ ಕೂತ್ರೆ ಯಾರೂ ಕೆಲಸ ಹೇಳಲ್ಲ.”

“ಶಭಾಷ್! ಇನ್ನೊಂದು ಯಾಕೆ?”

ನನ್ನ ತರಗತಿಯ ಮಕ್ಕಳು ಲೆಕ್ಕ ಬಿಟ್ಟು ಆ ಕಡೆಗೇ ಕಿವಿ ಕೊಡುತ್ತಿದ್ದರು. ನಾನೂ ಕೊಡುತ್ತಿದ್ದೆ.

ಟೀಚರ್ ಮೊದಲು ತಮ್ಮ ಬಗ್ಗೆ ಬರೆದು ತೋರಿಸಬೇಕು ಎಂಬುದೂ ತರಬೇತಿಯಲ್ಲಿತ್ತು. ಬುಧವಾರ ಕೊನೆಯ ಅವಧಿಯಲ್ಲಿ ಅವಳು ಬರೆದಳು. ಬಾಯಿಗೆ ಬಾರದ್ದು ಕೈಗೆ ಬಂತು.

‘ನನಗೆ ನಲವತ್ತಾರು ವರ್ಷ. ನನಗೊಂದು ಸ್ವಂತ ಕೋಣೆ ಬೇಕು. ಮೊದಲನೆಯದಾಗಿ, ನಾನು ಹಾಲ್‌ನಲ್ಲಿ ಮಲಗುತ್ತೇನೆ, ಎಲ್ಲರೂ ಎದ್ದು ಹೋದ ಮೇಲೆ ಮಾತ್ರ ಮಲಗಬಹುದು. ಎರಡನೆಯದಾಗಿ, ನಾನು ಸುಮ್ಮನೆ ಕೂತರೆ ಯಾರಾದರೂ ಏನಾದರೂ ಕೇಳುತ್ತಾರೆ. ಮೂರನೆಯದಾಗಿ, ನನಗೆ ಹಾಕಿಕೊಳ್ಳಲು ಬಾಗಿಲಿಲ್ಲ. ಉದಾಹರಣೆಗೆ, ನನ್ನ ಬಟ್ಟೆಗಳು ಇಪ್ಪತ್ತು ವರ್ಷದಿಂದ ಸೂಟ್‌ಕೇಸಿನಲ್ಲಿವೆ. ಕೊನೆಯದಾಗಿ, ಶನಿವಾರ ನಾನು ನನ್ನ ಕೋಣೆಗೆ ಹೋಗುತ್ತೇನೆ.’

ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಹೆಡ್‌ಮಾಸ್ಟರ್ ಹಾಜರಿ ಪುಸ್ತಕದ ಸಲುವಾಗಿ ಕರೆಸಿದರು. ವಾಪಸು ಬರುವಾಗ ಗಂಟೆ ಹೊಡೆದಾಗಿತ್ತು, ತರಗತಿ ಖಾಲಿ. ಪಾಠ ಅರ್ಧಕ್ಕೇ ನಿಂತಿತು ಎಂದುಕೊಂಡು ಬೋರ್ಡು ಒರೆಸಿದಳು.

ತಾನೇ ಹದಿನೇಳು ವರ್ಷದಿಂದ ಹೇಳಿಕೊಟ್ಟದ್ದು ಅವಳಿಗೆ ಮರೆತೇಹೋಗಿತ್ತು. ಬೋರ್ಡಿನ ಮೇಲಿರುವುದು ಗಂಟೆಯೊಳಗೆ ಪುಸ್ತಕದಲ್ಲಿರಬೇಕು. ಪ್ರಬಂಧವಾದರೆ ಮನೆಯಲ್ಲಿ ಸಹಿ ಹಾಕಿಸಿಕೊಂಡು ಬರಬೇಕು.

ಗುರುವಾರ ಬೆಳಗ್ಗೆ ಮೇಜಿನ ಮೇಲಿನ ಮೊದಲ ಪುಸ್ತಕ ತೆರೆದವಳು ಹಾಗೇ ನನ್ನ ತರಗತಿಗೆ ಓಡಿಬಂದಳು. ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬ ದುಂಡಗಿನ ಅಕ್ಷರದಲ್ಲಿ ‘ನನಗೆ ನಲವತ್ತಾರು ವರ್ಷ’ ಎಂದು ಬರೆದಿದ್ದ. ಕೆಳಗೆ ಅವನ ಅಪ್ಪನ ಸಹಿ. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಎಣಿಸಿದೆವು. ಮೂವತ್ತೇಳು ಮಕ್ಕಳಿಗೆ ಸ್ವಂತ ಕೋಣೆ ಬೇಕಾಗಿತ್ತು, ಮೂವತ್ತೇಳು ಮನೆಯವರು ಒಪ್ಪಿ ಸಹಿ ಹಾಕಿದ್ದರು. ಒಬ್ಬ ತಂದೆ ‘ಉತ್ತಮ’ ಎಂದು ಬೇರೆ ಬರೆದಿದ್ದ. ಓದಿದ್ದು ಒಬ್ಬಳು ಅಜ್ಜಿ ಮಾತ್ರ. ಸಹಿಯ ಪಕ್ಕ ಸೊಟ್ಟ ಅಕ್ಷರದಲ್ಲಿ ‘ಹೋಗಲಿ ಪಾಪ’ ಎಂದಿತ್ತು. ನನಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೀರು ಬಂತು, ಅವಳಿಗೂ ಬಂತು.

“ನಿನ್ನ ಅಣ್ಣನ ಮಗಳದ್ದು ಎಲ್ಲಿ?” ಅಂದೆ. “ನಿನ್ನ ಅಣ್ಣನೂ ಸಹಿ ಹಾಕಿದ್ದರೆ ಮುಗೀತು. ಪುಸ್ತಕ ಮುಖಕ್ಕೆ ಹಿಡಿ. ನೀನೇ ಒಪ್ಪಿದ್ದೀಯ ಅಂತ ಹೇಳು.”

ಅದೊಂದು ರಾಶಿಯ ತಳದಲ್ಲಿ ಎಣಿಸದೆ ಉಳಿದಿತ್ತು. ಅವಳು ತೆರೆದಳು, ನಾನು ಬಗ್ಗಿ ನೋಡಿದೆ. ಆ ಹುಡುಗಿ ನಕಲು ಮಾಡಿರಲಿಲ್ಲ.

‘ನನಗೆ ಎಂಟು ವರ್ಷ. ನನಗೆ ಅತ್ತೆ ಬೇಕು. ಮೊದಲನೆಯದಾಗಿ, ಅವರು ನಾನು ಹೇಳುವುದನ್ನು ಪೂರ್ತಿ ಕೇಳುತ್ತಾರೆ. ಎರಡನೆಯದಾಗಿ, ಅಪ್ಪ ಅಮ್ಮ ಆಮೇಲೆ ಆಮೇಲೆ ಅನ್ನುತ್ತಾರೆ. ಮೂರನೆಯದಾಗಿ, ಜ್ವರ ಬಂದಾಗ ಅವರ ಕೈ ತಣ್ಣಗಿರುತ್ತದೆ. ಉದಾಹರಣೆಗೆ, ಇದನ್ನು ಅಪ್ಪ ಓದದೆ ಸಹಿ ಹಾಕುತ್ತಾರೆ, ಅತ್ತೆ ಓದುತ್ತಾರೆ. ಕೊನೆಯದಾಗಿ, ಅತ್ತೆ ಶನಿವಾರ ಹೋದರೆ ಭಾನುವಾರ ನಾನು ಯಾರ ಹತ್ತಿರ ಇರಬೇಕು?’

ಅದರ ಕೆಳಗೆ ಕನ್ನಡಕದ ಅಂಗಡಿಯವನ ಸಹಿ ನೀಟಾಗಿ, ಅಡಿಗೆರೆ ಸಮೇತ ಇತ್ತು.

ಅವಳು ಕೆಂಪು ಪೆನ್ನು ತೆಗೆದು ಹತ್ತಕ್ಕೆ ಹತ್ತು ಕೊಟ್ಟಳು. ಅವಳು ಹತ್ತಕ್ಕೆ ಹತ್ತು ಕೊಟ್ಟದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ಬೇಡ ಕಣೇ,” ಅಂದೆ. ನನ್ನ ದನಿ ಜೋರಾಗಿತ್ತು. “ಮಗು ಅದು, ನಾಲ್ಕು ದಿನದಲ್ಲಿ ಮರೆಯುತ್ತೆ. ಎರಡು ಬೀದಿ ದೂರ ತಾನೇ ಹೋಗೋದು?”

“ಯಾಕೆ ಅಂತ ಬರಿ ಅಂತ ನಾನೇ ಹೇಳ್ಕೊಟ್ಟೆ,” ಅಂದಳು. “ಮೂರಕ್ಕೆ ಮೂರೂ ಸರಿಯಾಗಿ ಬರೆದಿದ್ದಾಳೆ. ಭಾನುವಾರ ಯಾರ ಹತ್ರ ಅಂತ ನಾನೇನು ಬರೀಲಿ?”

ಶನಿವಾರ ಸೀಮೆಸುಣ್ಣದ ಪುಡಿ ಮೆತ್ತಿದ ಆ ಕೀಯನ್ನು ನನ್ನ ಕೈಗಿಟ್ಟಳು. ನಾನು ಅವಳ ಮುಖ ನೋಡದೆ ಇಸಿದುಕೊಂಡೆ. ಎಂಟು ವರ್ಷದ ಮಗುವಿನ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು, ಗೊತ್ತು. ಇಟ್ಟುಕೊಂಡಿದ್ದೇನೆ. ಅದಕ್ಕಿಂತ ಹೆಚ್ಚಿನ ಸಿಟ್ಟು ಆ ಸಹಿಯ ಮೇಲಿದೆ. ಮಹಡಿಯ ಕೋಣೆಗೆ ಯಾರೋ ಫೋಟೋ ತೆಗೆಯುವವನು ಬಂದ.

ಹುಡುಗಿ ಪಾಸಾಗಿ ಈ ವರ್ಷ ನನ್ನ ತರಗತಿಗೆ ಬಂದಿದ್ದಾಳೆ, ಮೊದಲ ಬೆಂಚಿನಲ್ಲೇ ಕೂರುತ್ತಾಳೆ. ಮೊನ್ನೆ ಪ್ಲೈವುಡ್ ಆಚೆ ಮತ್ತೆ ಪ್ರಬಂಧದ ಪಾಠ ನಡೆಯುತ್ತಿತ್ತು. ಟೀಚರ್ ತಮ್ಮ ಬಗ್ಗೆ ಬರೆದು ತೋರಿಸುವ ದಿನ. ಬೋರ್ಡಿನ ಮೇಲೆ ಸೀಮೆಸುಣ್ಣ ಓಡುವ ಸದ್ದು, ಆಮೇಲೆ ಹೊಸ ಮಕ್ಕಳು ಒಟ್ಟಾಗಿ ಓದುವ ಸದ್ದು ಕೇಳಿಸಿತು.

“ನನಗೆ ನಲವತ್ತೇಳು ವರ್ಷ. ನನಗೆ ಹಾಲು ಇಷ್ಟ.”

“ಯಾಕೆ?” ಅಂತ ಅವಳು ಕೇಳಿದಳು. ಮಕ್ಕಳು ಒಂದೊಂದಾಗಿ ಮೂರು ಕಾರಣ ಕೊಟ್ಟರು. ನನ್ನ ಮೊದಲ ಬೆಂಚಿನ ಹುಡುಗಿ ಪೆನ್ಸಿಲ್ ಕೆಳಗಿಟ್ಟು, ತಲೆ ತಗ್ಗಿಸಿಕೊಂಡು ಕೇಳುತ್ತಿದ್ದಳು.