ಬೆನ್ನಿನ ಮೇಲೊಂದು ಅಡ್ಡಗೆರೆ

ಎಸ್ಕಿಲ್‌ನ ಸುದ್ದಿ ಡಾಗ್ನಿಯ ಕಿವಿಗೆ ಮೊದಲು ಬಿದ್ದದ್ದು ಎಸ್ಟೇಟಿನ ಬಟ್ಟೆ ಒಗೆಯುವ ಮನೆಯಲ್ಲಿ. ಅಡುಗೆಯ ಮಾಲೆನ ಆ ತುದಿ, ಇವಳು ಈ ತುದಿ ಹಿಡಿದು ಧಣಿಗಳ ಚಾದರ ಹಿಂಡುತ್ತಿದ್ದರು.

"ಹೊಸ ಕಾಡುಗಾವಲಿನವನು ಬಂದಿದಾನೆ ಕಣೇ. ಗಿಡುಗದ ಎದೆ ನೋಡಿ ವಯಸ್ಸು ಹೇಳ್ತಾನಂತೆ!"

"ಹಾಗಾದ್ರೆ ನೀನು ಶಾಲು ಹೊದ್ಕೊಂಡೇ ಓಡಾಡು ಮಾಲೆನಕ್ಕ," ಅಂದಳು ಡಾಗ್ನಿ. ನಕ್ಕು ನಕ್ಕು ಚಾದರ ನೆಲಕ್ಕೆ ಬಿತ್ತು, ಮತ್ತೆ ಒಗೆಯಬೇಕಾಯಿತು.

ಮರುವರ್ಷ ಅವನನ್ನೇ ಮದುವೆಯಾಗಿ ಬೀಚ್ ಮರಗಳ ಕಾಡಿನಂಚಿನ ಗಾವಲು ಮನೆಗೆ ಬಂದಳು. ತಗ್ಗು ಸೂರು, ಒಂದೇ ಕಿಟಕಿ. ಎಸ್ಕಿಲ್‌ಗೆ ಕೆಲಸ ಇರುವ ತನಕ ಮಾತ್ರ ಅದು ಅವರ ಮನೆ.

ಫ್ಯೂನ್ ದ್ವೀಪದ ಆ ಎಸ್ಟೇಟಿನಲ್ಲಿ ಶರತ್ಕಾಲದ ಬೇಟೆಗೆಂದು ಫೆಸೆಂಟ್ ಕೋಳಿ ಸಾಕುತ್ತಿದ್ದರು. ಕೋಳಿಗೆ ಗಿಡುಗ ಎರಗದೆ ಬಿಟ್ಟೀತೆ? ಪಾರಿವಾಳದ ಆಸೆ ತೋರಿಸಿ ಗಿಡುಗ ಹಿಡಿಯುವ ಪಂಜರಗಳಿದ್ದವು. ಧಣಿಯ ಕಟ್ಟಪ್ಪಣೆ ಒಂದೇ. ಎಲ್ಲಿಂದಲೋ ಅಲೆದು ಬಂದ ಆ ವರ್ಷದ ಮರಿ ಸಿಕ್ಕರೆ ಕತ್ತು ಹಿಚುಕಬೇಕು. ಕಾಡಿನಲ್ಲೇ ಗೂಡು ಕಟ್ಟಿರುವ ಮುದಿ ಹೆಣ್ಣು ಸಿಕ್ಕರೆ ಬಿಡಬೇಕು. ತನ್ನ ಸೀಮೆಯೊಳಗೆ ಬೇರೆ ಗಿಡುಗ ಕಾಲಿಡಲು ಅವಳು ಬಿಡುವವಳಲ್ಲ.

"ರೆಕ್ಕೆ ಮೊಟಕು, ಬಾಲ ಉದ್ದ ಇದ್ರೆ ನಮ್ಮ ಗಿಡುಗ," ಎಂದು ಎಸ್ಕಿಲ್ ಹೆಂಡತಿಗೆ ಕಲಿಸಿದ. "ಅಗಲ ರೆಕ್ಕೆ ಚಾಚ್ಕೊಂಡು ಸುಮ್ನೆ ಸುತ್ತುತ್ತಲ್ಲ, ಅದು ಇಲಿ ಹಿಡಿಯೋದು, ಅದರ ಗೊಡವೆ ಬೇಡ. ಮರಿಯ ಎದೆ ಮೇಲೆ ಗೆರೆ ಉದ್ದಕ್ಕೆ ಇಳಿದಿರುತ್ತೆ, ಕಣ್ಣೀರು ಇಳಿದ ಹಾಗೆ. ಮುದಿಯದಕ್ಕೆ ಅಡ್ಡಡ್ಡ ಗೆರೆ. ವಯಸ್ಸಾದಷ್ಟೂ ಕಣ್ಣು ಕೆಂಪಾಗ್ತಾ ಹೋಗುತ್ತೆ."

ಗಿಡುಗದ ಕಣ್ಣು ಕೆಂಪಾಗುತ್ತದೆ; ಎಸ್ಕಿಲ್‌ನ ಕಣ್ಣು ಮಂಜಾಯಿತು. ದಾರಿ ಕಾಣುತ್ತಿತ್ತು, ಮರದ ಬೊಡ್ಡೆ ಕಾಣುತ್ತಿತ್ತು. ನೆಟ್ಟಗೆ ನೋಡಿದ್ದು ಮಾತ್ರ ಹೊಗೆಯಲ್ಲಿ ಮುಳುಗಿ ಹೋಗುತ್ತಿತ್ತು. ಗಿಡುಗ ಗುರುತಿಸಲಾರದವನಿಗೆ ಗಾವಲಿನ ಕೆಲಸ ಯಾರು ಕೊಡುತ್ತಾರೆ? ಕೆಲಸ ಹೋದರೆ ಮನೆ ಹೋಯಿತು.

ಅಂದಿನಿಂದ ಡಾಗ್ನಿ ಗಂಡನ ಬೆನ್ನ ಹಿಂದೆ ನಿಂತಳು. ಧಣಿಯ ನೆಂಟರ ಎದುರೇ ಆಗಲಿ, ಅವನ ಕೋಟಿನ ಮೇಲೆ ಬೆರಳಿನಿಂದ ಒಂದು ಗೆರೆ ಎಳೆಯುವಳು: ಉದ್ದಕ್ಕೆ ಎಳೆದರೆ ಮರಿ, ಅಡ್ಡಕ್ಕೆ ಎಳೆದರೆ ಮುದಿ. ಎಸ್ಕಿಲ್ ತಲೆಯೆತ್ತಿ ಗಂಭೀರವಾಗಿ ಹೇಳುವನು. ತಂಗಿಯ ಮಗುವಿನ ನಾಮಕರಣಕ್ಕೂ ಅವಳು ಹೋಗಲಿಲ್ಲ. ಬೆಳಗಾದರೆ ಅದೇ ಕಾಡಿನಂಚು, ಅದೇ ಕೋಟು, ಅದೇ ಬೆರಳು. ಪಂಜರದೊಳಗಿನ ಪಾರಿವಾಳಕ್ಕೆ ಕಾಳು ಹಾಕುವಾಗೆಲ್ಲ, "ನಿನಗಾದ್ರೂ ಎದುರಿಗೆ ಆಕಾಶ ಇದೆ ಬಿಡು," ಎನ್ನುವಳು.

ಪಾರುಪತ್ಯಗಾರ ಕ್ರೋಗ್ ಚುಚ್ಚದೆ ಬಿಡುವ ಪೈಕಿಯಲ್ಲ. "ಏನಯ್ಯಾ ಎಸ್ಕಿಲ್, ಹೆಂಡತಿ ಬೆನ್ನಿಗೆ ಅಂಟ್ಕೊಂಡೇ ಇರ್ತಾಳೆ! ಗೋಂದು ಹಾಕಿದ್ಯಾ?"

"ತಣ್ಣಗಿನ ಗಾಳಿ ಯಜಮಾನ್ರೆ, ಬೆನ್ನಿಗೆ ಬೆಚ್ಚಗಿರುತ್ತೆ."

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮನೆಯ ಪಕ್ಕದ ಪಂಜರಕ್ಕೆ ಗಿಡುಗ ಬಿದ್ದಿತ್ತು. ಕ್ರೋಗ್ ಬಂದವನೇ, "ಡಾಗ್ನಿ, ಒಳಗೆ ಹೋಗಿ ಕಾಫಿ ಇಡಮ್ಮ. ಇವತ್ತು ನಾವಿಬ್ಬರೇ ನೋಡ್ತೀವಿ," ಅಂದ.

ಅವಳು ಒಲೆಯ ಮೇಲೆ ಕಾಫಿ ಇಟ್ಟು ಕಿಟಕಿಗೆ ಬಂದಳು. ಅಲ್ಲಿಂದ ಎಲ್ಲ ಕಾಣುತ್ತಿತ್ತು: ಬೂದು ಎದೆಯ ತುಂಬ ಸಣ್ಣ ಸಣ್ಣ ಅಡ್ಡಗೆರೆ, ಕೆಂಡದಂಥ ಕಣ್ಣು. ಕಾಡಿನ ಹಳೆಯ ಹೆಣ್ಣು!

"ಹೇಳಪ್ಪ, ಮರಿಯೋ ಮುದಿಯೋ?"

ಎಸ್ಕಿಲ್‌ನ ಬೆನ್ನು ಅಭ್ಯಾಸಬಲದಿಂದ ಸ್ವಲ್ಪ ಹಿಂದಕ್ಕೆ ಬಾಗಿತು. ಅಲ್ಲಿ ಬೆರಳಿರಲಿಲ್ಲ. ಆ ತಿಂಗಳಲ್ಲಿ ಪಂಜರಕ್ಕೆ ಬೀಳುವುದು ಹೆಚ್ಚಾಗಿ ತಿಳಿಗೇಡಿ ಮರಿಗಳೇ. ಅದನ್ನೇ ನೆಚ್ಚಿ, "ಮರಿ," ಅಂದ.

ಕ್ರೋಗ್ ಅವನ ಮುಖವನ್ನೇ ನೋಡಿದ. ಆಮೇಲೆ ತೊಗಲಿನ ಕೈಗವಸು ಹಾಕಿಕೊಂಡು ಗಿಡುಗದ ಕತ್ತಿನತ್ತ ಕೈ ಚಾಚಿದ.

ಡಾಗ್ನಿ ಬಾಯಿ ಮುಚ್ಚಿಕೊಂಡಿದ್ದರೆ ಮನೆ ಉಳಿಯುತ್ತಿತ್ತೇನೋ. ಕಿಟಕಿ ತಳ್ಳಿ ಕೂಗಿಯೇಬಿಟ್ಟಳು: "ಅಡ್ಡಗೆರೆ! ಮುಟ್ಟಬೇಡಿ, ಅದು ಮುದಿ!"

ಕ್ರೋಗ್ ಕೈ ಹಿಂದಕ್ಕೆ ತೆಗೆದು ಪಂಜರದ ಬಾಗಿಲು ಎತ್ತಿದ. ಗಿಡುಗ ನೆಲಕ್ಕೆ ತಾಗುವಷ್ಟು ತಗ್ಗಿನಲ್ಲಿ ಹಾರಿ ಮರಗಳ ನಡುವೆ ಮಾಯವಾಯಿತು.

"ಅಂದ್ರೆ ನಮ್ಮ ಗಾವಲಿನವನು ನೀನು," ಅಂದ ಕ್ರೋಗ್, ಕಿಟಕಿಯತ್ತ ತಿರುಗಿ. "ನವೆಂಬರ್ ಒಂದಕ್ಕೆ ಆಳುಗಳು ಬದಲಾಗ್ತಾರೆ. ಅಷ್ಟರಲ್ಲಿ ಮನೆ ಖಾಲಿ ಮಾಡಿ."

ಕಾಫಿ ಒಲೆಯ ಮೇಲೆ ಉಕ್ಕಿ ಸುರಿದಿತ್ತು. ಎಸ್ಕಿಲ್ ಒಳಗೆ ಬಂದು ಕೂತ.

"ಒಂದು ಹಕ್ಕಿಗೋಸ್ಕರ ಸೂರು ಕಳೆದ್ಯಲ್ಲೇ ಮಾರಾಯ್ತಿ," ಅಂದ. ಆಮೇಲೆ, "ಕಣ್ಣು ಯಾವ ಬಣ್ಣ ಇತ್ತು?"

"ಕೆಂಡ."

"ಹಾಗಾದ್ರೆ ಸರಿ."

ಒಡೆನ್ಸ ಪೇಟೆಯಲ್ಲಿ ಮಹಡಿಯ ಮೇಲೊಂದು ಕೋಣೆ ಸಿಕ್ಕಿತು. ಡಾಗ್ನಿ ಮತ್ತೆ ಬಟ್ಟೆ ಒಗೆಯಲು ಹೋದಳು. ಎಸ್ಕಿಲ್ ಕಿಟಕಿಯ ಬಳಿ ಕೂತಿರುತ್ತಿದ್ದ. ಬರಬರುತ್ತ ಮಲಗಿಯೇ ಇರುತ್ತಿದ್ದ. ಕಿಟಕಿಯಾಚೆ ಇದ್ದದ್ದು ಎದುರು ಮನೆಯ ಇಟ್ಟಿಗೆ ಗೋಡೆ. ಅದನ್ನು ಅವಳು ಅವನಿಗೆ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಅವನ ಕೊನೆಯ ಚಳಿಗಾಲದಲ್ಲಿ ಅವಳು ರೈ ರೊಟ್ಟಿಯನ್ನು ಬಿಯರಿನಲ್ಲಿ ನೆನೆಸಿ ಬೇಯಿಸಿದ ಗಂಜಿ ತಂದಾಗ, ಅವನು ಬೇಡವೆಂದು ನಿಧಾನವಾಗಿ ಮಗ್ಗುಲಾಗಿ, ಅಂಗಿ ಸರಿಸಿ ಬೆನ್ನು ತೋರಿಸಿದ.

"ಏನೋ ಹಾರಿ ಹೋಯ್ತು ಡಾಗ್ನಿ. ನೋಡಿ ಗೆರೆ ಎಳಿ."